ಅಂಗ, ವೈಕಲ್ಯ ಮತ್ತು ವೈದ್ಯವಿದ್ಯೆ



ನಮ್ಮ ಶಾಸ್ತ್ರಪರಿಭಾಷೆಯಲ್ಲಿ 'ಅಂಗ' ಎಂಬ ಶಬ್ದಕ್ಕೆ ಲೋಕದ ಬಳಕೆಗಿಂತ ಮಿಗಿಲಾದ ಅರ್ಥವಿದೆ. ಲೋಕದಲ್ಲಿ ಅಂಗವೆಂದರೆ ಕೈ, ಕಾಲು, ಕಣ್ಣು ಮೊದಲಾದ ಅವಯವ. ಷಟ್‌ಸ್ಥಲ ಸಿದ್ಧಾಂತದಲ್ಲಾದರೋ ಅಂಗವೆಂದರೆ ಜೀವಾತ್ಮ. ಯೋಗಾಂಗ, ಭೋಗಾಂಗ, ತ್ಯಾಗಾಂಗವೆಂದು ಮೂರು ಬಗೆಯಾಗಿ ಲಿಂಗದೊಡನೆ ಸಾಮರಸ್ಯವನ್ನು ಪಡೆಯಲು ಹೊರಟ ಚೇತನಕ್ಕೆ ಆ ಹೆಸರು. ಹೀಗಿರುವಲ್ಲಿ 'ಅಂಗವಿಕಲ' ಎಂಬ ಮಾತನ್ನು ನಮ್ಮ ಪರಿಭಾಷೆಗೆ ಒಗ್ಗಿಸಿ ಓದಿದರೆ ಅದು ಅರ್ಥವನ್ನೇ ಕಳೆದುಕೊಳ್ಳುತ್ತದೆ. ಕಣ್ಣು ಕಾಣದಿರಬಹುದು, ಕಾಲು ಊರದಿರಬಹುದು. ಲಿಂಗವನ್ನು ಧರಿಸಿದ ಅಂಗಕ್ಕೆ ವೈಕಲ್ಯವೆಲ್ಲಿಯದು? ಈಚೆಗೆ ಸರಕಾರಿ ಕಾಗದಪತ್ರಗಳಲ್ಲಿ ಬಳಕೆಯಾಗುತ್ತಿರುವ 'ವಿಕಲಚೇತನ' ಎಂಬ ಪದವೂ ಇದೇ ತೊಡಕಿನಲ್ಲಿ ಸಿಲುಕಿದೆ. ಗೌರವವನ್ನು ಸೂಚಿಸಲೆಂದು ಹೊರಟ ಪದ ಚೇತನಕ್ಕೇ ಕುಂದನ್ನು ಆರೋಪಿಸಿತು.

ಇದು ಕೇವಲ ಶಬ್ದಜಿಜ್ಞಾಸೆಯೆಂದು ವಾಚಕರು ಬಗೆಯಬಾರದು. ಒಬ್ಬ ವ್ಯಕ್ತಿಯನ್ನು ನಾವು ಯಾವ ಪದದಿಂದ ಕರೆಯುತ್ತೇವೆಯೋ ಅದೇ ಭಾವದಿಂದ ನೋಡುತ್ತೇವೆ. ಯಾವ ಭಾವದಿಂದ ನೋಡುತ್ತೇವೆಯೋ ಅದೇ ಬಗೆಯಲ್ಲಿ ಉಪಚರಿಸುತ್ತೇವೆ. ಉಪಚಾರವೇ ಕಾಯಕವಾಗಿರುವ ವೈದ್ಯರ ವಿಷಯದಲ್ಲಿ ಈ ಮಾತು ಇನ್ನಷ್ಟು ಸತ್ಯ. ವೈದ್ಯನ ನೋಟ ತಪ್ಪಿದರೆ ರೋಗಿಯ ಮನಸ್ಸು ನೋಯುವುದಷ್ಟೇ ಅಲ್ಲ, ಪ್ರಾಣಕ್ಕೂ ಸಂಚಕಾರ ಬರಬಹುದು. ಅದು ಹೇಗೆಂಬುದನ್ನು ಮುಂದೆ ವಿವರಿಸುವೆನು.

ಬೆಂಗಳೂರಿನ ದಂಡು ಪ್ರದೇಶದ ರಿಚರ್ಡ್ಸ್ ಟೌನಿನಲ್ಲಿ ನಮ್ಮ ಸಮಾಜದ ಕೆಲವು ಕುಟುಂಬಗಳಿವೆ. ಅಲ್ಲಿನ ಭಕ್ತರೊಬ್ಬರ ಮನೆಯಲ್ಲಿ ಇಷ್ಟಲಿಂಗಪೂಜೆಯ ತರುವಾಯ ಪ್ರಸಾದಕ್ಕೆ ಕುಳಿತಾಗ, ವೈದ್ಯ ಶಿಕ್ಷಣದ ಕಡೆಯ ವರ್ಷದಲ್ಲಿರುವ ಅವರ ಮಗಳು ಒಂದು ಪ್ರಶ್ನೆಯನ್ನಿಟ್ಟಳು. "ಗುರುಗಳೆ, ಮೊನ್ನೆ ವಾರ್ಡಿನಲ್ಲಿ ಕಿವಿ ಕೇಳಿಸದ ಹೆಂಗಸೊಬ್ಬರಿದ್ದರು. ನಾನು ಕೇಳಬೇಕಾದುದನ್ನೆಲ್ಲ ಅವರ ನಾದಿನಿಯನ್ನು ಕೇಳಿ ಬರೆದುಕೊಂಡೆ. ಕೊನೆಗೆ ಆ ಹೆಂಗಸು ನನ್ನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡು, 'ಹೊಟ್ಟೆ ನೋಯುತ್ತಿರುವುದು ನನಗೆ, ನನ್ನನ್ನು ಕೇಳಿ' ಎಂದು ಬರೆದುಕೊಟ್ಟರು. ಅವರಿಗೆ ಓದುಬರಹ ಬರುತ್ತದೆಯೇ ಎಂದು ವಿಚಾರಿಸಬೇಕೆಂದೇ ನನಗೆ ಹೊಳೆದಿರಲಿಲ್ಲ. ಇದನ್ನು ಯಾವ ಪಾಠದಲ್ಲಿ ಕಲಿಯಬೇಕು?" ಎಂದಳು. ಪ್ರಶ್ನೆ ಸಣ್ಣದಲ್ಲ. ಅದಕ್ಕೆ ಉತ್ತರವನ್ನು ಅರಸಿದಾಗ ನನಗೆ ತಿಳಿದುಬಂದ ಸಂಗತಿಗಳನ್ನು ಈ ತಿಂಗಳ ಅಂಕಣದಲ್ಲಿ ನಿವೇದಿಸುತ್ತಿದ್ದೇನೆ. ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ವೈದ್ಯವಿದ್ಯೆಯನ್ನು ಅರಸಿ ಹೊರಟಿದ್ದಾರಾಗಿ ಇದು ನಮ್ಮೆಲ್ಲರಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಮೊದಲು ಕಾನೂನಿನ ಮಾತು. 1995ರ ಕಾಯಿದೆ ಏಳು ಬಗೆಯ ಊನತೆಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಗುರುತಿಸಿತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಅದರ 25ನೆಯ ಪ್ರಕರಣವು ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡರಲ್ಲೂ ಇಂಥವರಿಗೆ ಅಡೆತಡೆಯಿಲ್ಲದ ಪ್ರವೇಶವಿರಬೇಕೆಂದೂ ಚಿಕಿತ್ಸೆಯಲ್ಲಿ ಆದ್ಯತೆ ದೊರೆಯಬೇಕೆಂದೂ ಹೇಳುತ್ತದೆ. 47ನೆಯ ಪ್ರಕರಣವು ವೈದ್ಯರು, ದಾದಿಯರು, ಶಿಕ್ಷಕರು ಮೊದಲಾದವರ ಶಿಕ್ಷಣದಲ್ಲಿ ಈ ವಿಷಯವನ್ನು ಒಂದು ಭಾಗವಾಗಿ ಸೇರಿಸಬೇಕೆಂದು ವಿಧಿಸುತ್ತದೆ. 2011ರ ಜನಗಣತಿಯ ಮೇರೆಗೆ ದೇಶದಲ್ಲಿ 2.68 ಕೋಟಿ, ನಮ್ಮ ರಾಜ್ಯದಲ್ಲಿ 13.24 ಲಕ್ಷ ಮಂದಿ ಈ ವರ್ಗಕ್ಕೆ ಸೇರಿದ್ದರು. ಅದು ಏಳು ಬಗೆಗಳ ಕಾಲದ ಎಣಿಕೆ. 21 ಬಗೆಗಳನ್ನು ಹಿಡಿದು ಎಣಿಸಿದರೆ ಸಂಖ್ಯೆ ಏರುವುದೇ ಹೊರತು ಇಳಿಯದು.

ಕಾಯಿದೆ ಹೇಳಿದ ಮಾತ್ರಕ್ಕೆ ಪಾಠ ನಡೆಯುವುದಿಲ್ಲವೆಂಬುದು ಸರ್ವವಿದಿತ. ದೆಹಲಿಯ ವೈದ್ಯಕೀಯ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸುವ, ಸ್ವತಃ ಪೋಲಿಯೋ ಪೀಡಿತರಾದ ಡಾ. ಸತೇಂದ್ರ ಸಿಂಗ್ ಮತ್ತು ಅವರ ಸಂಗಡಿಗರು ಈ ಕೆಲಸಕ್ಕೆ ಕೈಹಾಕಿದರು. ಊನತೆಯುಳ್ಳ ವ್ಯಕ್ತಿಗಳು, ಊನತೆಯುಳ್ಳ ವೈದ್ಯರು, ವೈದ್ಯಕೀಯ ಶಿಕ್ಷಕರು ಈ ಮೂರು ಗುಂಪಿನವರೊಡನೆ ಸಮಾಲೋಚಿಸಿ, ಪದವಿ ಪಡೆಯುವ ವೈದ್ಯನಲ್ಲಿ ಇರಲೇಬೇಕಾದ 27 ಸಾಮರ್ಥ್ಯಗಳ ಪಟ್ಟಿಯನ್ನು ಸಿದ್ಧಪಡಿಸಿದರು. 2019ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಹೊಸ ಪಠ್ಯಕ್ರಮವನ್ನು ಜಾರಿಗೆ ತಂದಾಗ, ಮೊದಲ ವರ್ಷದ ಆರಂಭದಲ್ಲಿ ನಡೆಯುವ ಬುನಾದಿ ಶಿಕ್ಷಣದಲ್ಲಿ ಈ ವಿಷಯಕ್ಕೆ ಕೆಲವು ಗಂಟೆಗಳನ್ನು ಮೀಸಲಿಟ್ಟಿತು. 2020ರಲ್ಲಿ ಪರಿಷತ್ತು ಹೋಗಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಆಯೋಗವು 2024ರ ಆಗಸ್ಟ್ 31ರಂದು ಹೊರಡಿಸಿದ ಹೊಸ ಮಾರ್ಗಸೂಚಿಯಲ್ಲಿ ಈ ಪಾಠ ಕೈಬಿಟ್ಟುಹೋಗಿದೆಯೆಂದು ಹಕ್ಕುಗಳಿಗಾಗಿ ದುಡಿಯುವವರು ಆಕ್ಷೇಪಿಸಿದರು. ಇನ್ನೂ ಕೆಲವು ಕಾರಣಗಳಿಗಾಗಿ ವಿವಾದಕ್ಕೊಳಗಾಗಿದ್ದ ಆ ಮಾರ್ಗಸೂಚಿಯನ್ನು ಸೆಪ್ಟೆಂಬರ್ 5ರಂದು ಹಿಂತೆಗೆದುಕೊಂಡು, ಅದೇ ತಿಂಗಳಲ್ಲಿ ತಿದ್ದಿ ಹೊರಡಿಸಲಾಯಿತು. ಇದರಿಂದ ನಾವು ತಿಳಿಯಬೇಕಾದುದಿಷ್ಟು: ಲೇಖನಿಯಿಂದ ಸೇರಿದ ಪಾಠ ಲೇಖನಿಯಿಂದಲೇ ಅಳಿಸಿಹೋಗಬಹುದು. ಕಲಿಸುವವರ ಆಚಾರದಲ್ಲಿ ನೆಲೆಗೊಂಡ ಪಾಠವನ್ನು ಅಳಿಸುವುದು ಕಠಿಣ.

ಈಗಾಗಲೇ ವೈದ್ಯ ವಿದ್ಯಾರ್ಥಿಗಳ ತಲೆಯ ಮೇಲೆ ಬೆಟ್ಟದಷ್ಟು ಓದಿದೆ, ಇದಕ್ಕೆಂದೇ ತಜ್ಞವೈದ್ಯರೂ ಇದ್ದಾರೆ, ಎಲ್ಲರಿಗೂ ಏಕೆ ಕಲಿಸಬೇಕು ಎಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಕಿವಿ ಕೇಳಿಸದವರಿಗೂ ಜ್ವರ ಬರುತ್ತದೆ. ಗಾಲಿಕುರ್ಚಿಯಲ್ಲಿರುವ ಹೆಣ್ಣುಮಗಳಿಗೂ ಹೆರಿಗೆಯಾಗುತ್ತದೆ. ಬುದ್ಧಿ ನಿಧಾನವಾಗಿ ಬೆಳೆದ ಮಗುವಿಗೂ ಹಲ್ಲು ನೋಯುತ್ತದೆ. ಅವರು ಆಗ ಹೋಗುವುದು ಬಡಾವಣೆಯ ವೈದ್ಯರ ಬಳಿಗೆ, ತಾಲ್ಲೂಕು ಆಸ್ಪತ್ರೆಗೆ, ನಡುರಾತ್ರಿಯಾದರೆ ತುರ್ತು ಚಿಕಿತ್ಸಾ ಕೊಠಡಿಗೆ. ಅಲ್ಲಿರುವ ವೈದ್ಯನಿಗೆ ತಿಳಿಯದಿದ್ದರೆ ದೂರದ ತಜ್ಞರ ತಿಳಿವು ಆ ಹೊತ್ತಿನಲ್ಲಿ ಒದಗುವುದಿಲ್ಲ.

ಪ್ರಾಣಕ್ಕೆ ಸಂಚಕಾರವೆಂದು ಮೇಲೆ ಹೇಳಿದೆನಷ್ಟೆ. ಅದಕ್ಕೆ ಎರಡು ನಿದರ್ಶನಗಳನ್ನು ಕೊಡುವೆನು. ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯೊಡನೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆಯೂ ಇವರಲ್ಲಿ ಇತರರಿಗಿಂತ ಹೆಚ್ಚು. ಅಂಥ ಹುಡುಗನೊಬ್ಬ ಇದ್ದಕ್ಕಿದ್ದಂತೆ ಮಂಕಾದರೆ, ಆಟ ಬಿಟ್ಟು ಮೂಲೆ ಹಿಡಿದರೆ, ಮೈ ಊದಿದರೆ, "ಅವನ ಸ್ವಭಾವವೇ ಅಷ್ಟು" ಎಂದು ವೈದ್ಯರು ಹೇಳಿ ಕಳುಹಿಸುವ ಸಂಭವ ಉಂಟು. ಒಂದು ರಕ್ತಪರೀಕ್ಷೆಯಿಂದ ಥೈರಾಯ್ಡಿನ ಕೊರತೆ ಗೊತ್ತಾಗುತ್ತದೆ, ದಿನಕ್ಕೊಂದು ಮಾತ್ರೆಯಿಂದ ಅದು ಹತೋಟಿಗೆ ಬರುತ್ತದೆ. ಊನತೆಯ ಮರೆಯಲ್ಲಿ ರೋಗ ಅಡಗಿ ಕುಳಿತಿತ್ತು. ವೈದ್ಯನ ಕಣ್ಣು ಊನತೆಯಲ್ಲೇ ನಿಂತುಬಿಟ್ಟಿತು.

ಎರಡನೆಯದು ಬೆನ್ನುಹುರಿಗೆ ಪೆಟ್ಟು ಬಿದ್ದವರದು. ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಪೆಟ್ಟಾಗಿದ್ದರೆ ಅದರ ಕೆಳಗೆ ನೋವು ತಿಳಿಯುವುದಿಲ್ಲ. ಮೂತ್ರಕೋಶ ತುಂಬಿ ಬಿಗಿದರೂ ಅರಿವಿಗೆ ಬರುವುದಿಲ್ಲ. ಹಾಗೆ ಬಿಗಿದಾಗ ರಕ್ತದ ಒತ್ತಡ ಒಮ್ಮೆಲೇ ವಿಪರೀತಕ್ಕೇರುತ್ತದೆ. ತಲೆ ಸಿಡಿಯತೊಡಗುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ಇದನ್ನು ಬಲ್ಲ ವೈದ್ಯ ರೋಗಿಯನ್ನು ಎತ್ತಿ ಕೂರಿಸಿ, ಮೂತ್ರನಳಿಕೆ ಕಟ್ಟಿಕೊಂಡಿದೆಯೇ ಎಂದು ಮೊದಲು ನೋಡುತ್ತಾನೆ. ಅರಿಯದವನು ತಲೆನೋವಿನ ಮಾತ್ರೆ ಬರೆದುಕೊಟ್ಟು ಕಳುಹಿಸುತ್ತಾನೆ. ದಾರಿಯಲ್ಲೇ ಮಿದುಳಿನ ರಕ್ತಸ್ರಾವವಾದರೂ ಆಗಬಹುದು. ಇಷ್ಟನ್ನು ಕಲಿಸಲು ಎಷ್ಟು ಗಂಟೆ ಬೇಕು? ಕಲಿಸದೆ ಬಿಟ್ಟರೆ ತೆರಬೇಕಾದ ಬೆಲೆಯನ್ನು ಆ ಮನೆಯವರೇ ಹೇಳಬೇಕು.

ಇನ್ನು ನಡೆನುಡಿಯ ಮಾತು. ತಜ್ಞರು ವಿಧಿಸುವ ಕ್ರಮಗಳು ನಮ್ಮ ಆಚಾರಗ್ರಂಥಗಳ ವಿಧಿಗಳಂತೆಯೇ ಸರಳ. ರೋಗಿಯ ಜೊತೆಗೆ ಬಂದವರನ್ನು ಬಿಟ್ಟು ರೋಗಿಯನ್ನೇ ಮಾತನಾಡಿಸಬೇಕು. ಕಣ್ಣು ಕಾಣದವರ ಬಳಿ ಮೊದಲು ತನ್ನ ಹೆಸರು ಹೇಳಬೇಕು. ಮೈ ಮುಟ್ಟುವ ಮುನ್ನ ಏನು ಮಾಡಲಿರುವೆನೆಂದು ತಿಳಿಸಬೇಕು. ಕೊಠಡಿಯಿಂದ ಹೊರಡುವಾಗಲೂ ಹೇಳಿ ಹೊರಡಬೇಕು. ಕಿವಿ ಕೇಳಿಸದವರ ಮುಂದೆ ಬೆಳಕು ತನ್ನ ಮುಖದ ಮೇಲೆ ಬೀಳುವಂತೆ ಕುಳಿತು, ಬಾಯಿಗೆ ಕೈ ಅಡ್ಡ ಹಿಡಿಯದೆ, ಕೂಗದೆ ಮಾತನಾಡಬೇಕು. ಓದುಬರಹ ಬಲ್ಲವರಾದರೆ ಬರೆದು ತೋರಿಸಬೇಕು. ಸನ್ನೆಭಾಷೆಯವರಾದರೆ ಅದನ್ನು ಬಲ್ಲ ದುಭಾಷಿಯನ್ನು ಕರೆಸಬೇಕು. ಗಾಲಿಕುರ್ಚಿ ಅದರಲ್ಲಿ ಕುಳಿತವರ ಮೈಯ ಭಾಗವೆಂದೇ ಭಾವಿಸಿ ಕೇಳದೆ ಮುಟ್ಟಬಾರದು. ತಾನೂ ಕುಳಿತು ಕಣ್ಣಿಗೆ ಕಣ್ಣು ಸಮನಾಗಿರುವಂತೆ ಮಾತನಾಡಬೇಕು. ಗ್ರಹಿಕೆ ನಿಧಾನವಾಗಿರುವವರಿಗೆ ಚಿಕ್ಕ ವಾಕ್ಯಗಳಲ್ಲಿ, ಒಂದು ಸಲಕ್ಕೆ ಒಂದೇ ಸಂಗತಿಯನ್ನು ಹೇಳಿ, ಉತ್ತರಕ್ಕೆ ಕಾಯಬೇಕು. ಮಾತು ತೊದಲುವವರನ್ನು ನಡುವೆ ತಡೆದು ವಾಕ್ಯವನ್ನು ತಾನು ಮುಗಿಸಿಕೊಡಬಾರದು. ಎಲ್ಲಕ್ಕೂ ಮಿಗಿಲಾಗಿ "ನಿಮಗೆ ಹೇಗೆ ಅನುಕೂಲ?" ಎಂದು ಕೇಳುವುದನ್ನು ಮರೆಯಬಾರದು. ತನ್ನ ಮೈಯನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬೇಕು ಎಂಬುದನ್ನು ಇಪ್ಪತ್ತು ವರ್ಷ ಆ ಮೈಯಲ್ಲಿ ಬಾಳಿದವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇವುಗಳನ್ನು ಕಲಿಸುವ ಬಗೆ ಹೇಗೆ? ಕೆಲವೆಡೆ ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದುಂಟು. ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡುತ್ತಾರೆ. ಆದರೆ ಬಟ್ಟೆ ಕಟ್ಟಿಸಿಕೊಂಡವನು ಅನುಭವಿಸುವುದು ಕಣ್ಣು ಹೋದ ಮೊದಲ ಗಳಿಗೆಯ ಗಾಬರಿಯನ್ನು. ಕತ್ತಲೆಯಲ್ಲೇ ಓದಿ, ದುಡಿದು, ಸಂಸಾರ ನಡೆಸಿ, ಶಬ್ದ ಸ್ಪರ್ಶಗಳಿಂದ ಲೋಕವನ್ನು ಅರಿತವರ ನಿಪುಣತೆ ಅವನಿಗೆ ತಿಳಿಯುವುದಿಲ್ಲ. ಬಟ್ಟೆ ಬಿಚ್ಚಿದಾಗ ಅವನಲ್ಲಿ ಉಳಿಯುವುದು ಕನಿಕರ. ಕನಿಕರದಿಂದ ಚಿಕಿತ್ಸೆ ಸುಧಾರಿಸುವುದಿಲ್ಲ. ಆದ್ದರಿಂದ ಅಂಥ ಬದುಕನ್ನು ಬಾಳುತ್ತಿರುವವರೇ ಗುರುಪೀಠದಲ್ಲಿ ಕುಳಿತು ಪಾಠ ಹೇಳುವುದು ಯುಕ್ತ. 27 ಸಾಮರ್ಥ್ಯಗಳ ಪಟ್ಟಿಯನ್ನು ಮಾಡಿದವರು ಇವರನ್ನೂ ಕೂಡಿಸಿಕೊಂಡೇ ಮಾಡಿದುದು ಇದೇ ಕಾರಣಕ್ಕೆ ಮೆಚ್ಚತಕ್ಕುದಾಗಿದೆ.

ಇಂಥ ಗುರುಗಳಿಗಾಗಿ ಬೆಂಗಳೂರಿನ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ರಿಚರ್ಡ್ಸ್ ಟೌನಿನ ಉದ್ಯಾನವನ್ನು ಬಿಟ್ಟು ಲಿಂಗರಾಜಪುರದ ಕಡೆಗೆ ನಡೆದರೆ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆ ಸಿಗುತ್ತದೆ. ಸ್ವತಃ ಪೋಲಿಯೋದಿಂದ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಶಾಲೆ, ಕೈಕಸುಬಿನ ತರಬೇತಿ, ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ಎಂದು ಅದರ ಕಾರ್ಯ ಹಬ್ಬಿದೆ. ಜೀವನ ಬಿಮಾ ನಗರದಲ್ಲಿ ತೋಟಗಾರಿಕೆಯನ್ನೂ ಅದು ಕಲಿಸುತ್ತ ಬಂದಿದೆ. ಹೆಣ್ಣೂರು ರಸ್ತೆಯಲ್ಲೇ ಮಾತು ಮತ್ತು ಶ್ರವಣದ ವಿಷಯಕ್ಕೆ ಮೀಸಲಾದ ಡಾ. ಎಸ್.ಆರ್. ಚಂದ್ರಶೇಖರ್ ಸಂಸ್ಥೆಯಿದೆ. ಇಂದಿರಾನಗರದಲ್ಲಿ ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಿಗಾಗಿ 1982ರಲ್ಲಿ ಆರಂಭವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವಿದೆ. ಇದೇ ಸುತ್ತಿನ ಕಾಡುಗೊಂಡನಹಳ್ಳಿಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜು, ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ ಇವೆ. ಕಲಿಯುವವರೂ ಕಲಿಸಬಲ್ಲವರೂ ಕೆಲವೇ ಮೈಲಿಗಳ ಅಳತೆಯೊಳಗಿದ್ದಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿಗೆ ಮೊದಲು ಹತ್ತು ದಿನ ಇಂಥ ತಾಣದಲ್ಲಿ ಕುಳಿತು, ಅಲ್ಲಿಯವರೊಡನೆ ಉಂಡು, ಮಾತನಾಡಿ ಬರುವ ನಿಯಮ ಎಲ್ಲ ಕಾಲೇಜುಗಳಲ್ಲೂ ನೆಲೆಗೊಂಡರೆ ಅದಕ್ಕೆ ತಗಲುವ ವೆಚ್ಚ ಬಸ್ಸಿನ ಚೀಟಿಯಷ್ಟೇ.

ಊನತೆಯುಳ್ಳವರು ಪಾಠಕ್ಕೆ ವಸ್ತುವಾಗುವುದಷ್ಟೇ ಸಾಲದು. ಅವರು ತಾವೇ ವೈದ್ಯರಾಗಬೇಕು. ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರು 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನವನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರವನ್ನು ನೆಲೆಗೊಳಿಸಿದರು. ಮುಂಬಯಿಯ ಕ್ಯಾನ್ಸರ್ ತಜ್ಞ ಡಾ. ಸುರೇಶ್ ಅಡ್ವಾಣಿಯವರೂ ಬಾಲ್ಯದ ಪೋಲಿಯೋದಿಂದ ಗಾಲಿಕುರ್ಚಿಯಲ್ಲಿ ಕುಳಿತೇ ವೈದ್ಯರಾದವರು. ಇಷ್ಟಾದರೂ ಶೇಕಡಾವಾರು ಅಳತೆಯೊಂದನ್ನೇ ಮುಂದಿಟ್ಟು ಅರ್ಹರಿಗೆ ಕಾಲೇಜಿನ ಬಾಗಿಲು ಮುಚ್ಚುವುದು ನಡೆದೇ ಇತ್ತು. ಮಾತಿನ ತೊಡಕುಳ್ಳ ವಿದ್ಯಾರ್ಥಿಯೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 15ರಂದು, ಊನತೆಯ ಪ್ರಮಾಣ ಇಷ್ಟಿದೆಯೆಂಬ ಮಾತ್ರಕ್ಕೆ ಪ್ರವೇಶವನ್ನು ನಿರಾಕರಿಸಲಾಗದು, ಆ ವ್ಯಕ್ತಿ ಶಿಕ್ಷಣವನ್ನು ನಡೆಸಬಲ್ಲನೇ ಎಂಬುದನ್ನು ಪರಿಶೀಲಿಸಬೇಕು ಎಂದು ತೀರ್ಪಿತ್ತಿತು. ಆ ತೀರ್ಪಿನಲ್ಲಿ ಸಾಧಕರ ನಿದರ್ಶನವಾಗಿ ನಮ್ಮ ಬೆಂಗಳೂರಿನ ಗಾಲಿಕುರ್ಚಿ ಟೆನಿಸ್ ಆಟಗಾರ ಬೋನಿಫೇಸ್ ಪ್ರಭು ಅವರ ಹೆಸರೂ ಬಂದಿದೆ.

ಈಗ ನಮ್ಮ ಸಮಾಜದ ಮಾತಿಗೆ ಬರೋಣ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು; ವೈದ್ಯವೃತ್ತಿಯೂ ಅಲ್ಲಿ ಕಾಯಕವೆನಿಸಿತ್ತು. ಜನನ, ಮರಣ, ಜಾತಿ ಮೊದಲಾದ ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಹುಟ್ಟುಕುರುಡ ಬಾಲಕನೊಬ್ಬನನ್ನು ಕರೆತಂದು ಸಂಗೀತವಿದ್ಯೆಯನ್ನು ಕೊಡಿಸಿದರು; ಆತನೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರಾದ, ದೃಷ್ಟಿಯಿಲ್ಲದ ಪುಟ್ಟರಾಜ ಗವಾಯಿಗಳು 1914ರಿಂದ 2010ರವರೆಗಿನ ತುಂಬುಬಾಳಿನಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕಲಿಸಿದರು. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು 1991ರಲ್ಲೇ ಮೈಸೂರಿನಲ್ಲಿ ಊನತೆಯುಳ್ಳ ವಿದ್ಯಾರ್ಥಿಗಳಿಗೆಂದು ಪಾಲಿಟೆಕ್ನಿಕ್ ತೆರೆಯಿತು. ಅಲ್ಲದೆ ಬೆಳಗಾವಿ, ಕಲಬುರಗಿ, ದಾವಣಗೆರೆ, ವಿಜಯಪುರ, ಬಾಗಲಕೋಟೆ, ಮೈಸೂರುಗಳಲ್ಲಿ ನಮ್ಮ ಸಮಾಜದ ಹಿರಿಯರೂ ಮಠಗಳೂ ಕಟ್ಟಿದ ವೈದ್ಯಕೀಯ ಕಾಲೇಜುಗಳಿವೆ. ಪ್ರತಿವರ್ಷ ನೂರಾರು ವೈದ್ಯರು ಅಲ್ಲಿಂದ ಹೊರಬೀಳುತ್ತಾರೆ. ಈ ಪಾಠಕ್ಕೆ ಸರಕಾರದ ಸುತ್ತೋಲೆಯನ್ನು ಕಾಯುವ ಅಗತ್ಯ ಇಂಥ ಸಂಸ್ಥೆಗಳಿಗಿಲ್ಲ. ಆಡಳಿತ ಮಂಡಲಿಗಳಲ್ಲಿರುವ ನಮ್ಮ ಬಂಧುಗಳು ಮೂರು ಸಂಗತಿಗಳನ್ನು ಗಮನಿಸಬೇಕೆಂದು ನನ್ನ ಬಿನ್ನಹ. ರೋಗಿಯನ್ನು ಮಲಗಿಸಿ ಪರೀಕ್ಷಿಸುವ ಮೇಜು ತಗ್ಗಿಸಲು ಬರುವಂತಿದೆಯೇ? ಗಾಲಿಕುರ್ಚಿಯೊಡನೆಯೇ ತೂಗುವ ತಕ್ಕಡಿಯಿದೆಯೇ? ಅಂತಿಮ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಮುಂದೆ ಕಿವಿ ಕೇಳಿಸದ ಅಥವಾ ಗ್ರಹಿಕೆ ನಿಧಾನವಾದ ಒಬ್ಬ ರೋಗಿಯಾದರೂ ಬರುತ್ತಾರೆಯೇ? ಪರೀಕ್ಷೆಗೆ ಬಾರದುದನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ಓದುವುದಿಲ್ಲವೆಂಬುದು ಪಾಠ ಹೇಳಿದ ನಮಗೆಲ್ಲ ಗೊತ್ತಿದ್ದ ಮಾತೇ.

ಮನೆಗಳಿಗೂ ಒಂದು ಮಾತು ಹೇಳದೆ ಮುಗಿಸಲಾರೆ. ವೈದ್ಯರಾಗಲಿರುವ ಮಕ್ಕಳು ಮೊದಲ ಪಾಠ ಕಲಿಯುವುದು ನಮ್ಮ ಪಡಸಾಲೆಯಲ್ಲಿ. ಬಂಧುಗಳು ಬಂದಾಗ ಊನತೆಯುಳ್ಳ ಮಗುವನ್ನು ಒಳಮನೆಯಲ್ಲಿ ಕೂರಿಸುವ, ಅಕ್ಕತಂಗಿಯರ ಸಂಬಂಧಕ್ಕೆ ಅಡ್ಡಿಯಾದೀತೆಂದು ಅದರ ಹೆಸರನ್ನೇ ಎತ್ತದಿರುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಪೂರ್ವಜನ್ಮದ ಫಲವೆಂದು ನಿಟ್ಟುಸಿರಿಡುವವರೂ ಉಂಟು. ಕೊರಳಲ್ಲಿ ಲಿಂಗ ಧರಿಸಿದ ಮೈಯನ್ನು ಪಾಪದ ಗುರುತೆಂದು ಕಾಣುವುದು ದೀಕ್ಷೆಗೆ ಒಪ್ಪುವ ಮಾತೇ? ದೇಹವನ್ನು ಗುಡಿಯೆಂದು ಕಂಡ ಪರಂಪರೆ ಗುಡಿಯ ಒಂದು ಕಂಬ ಓರೆಯಾಗಿದೆಯೆಂದು ದೇವರನ್ನು ಹೊರಗಿಡುವುದೇ? ಅಂಥ ಮನೆಯಲ್ಲಿ ಬೆಳೆದ ಮಗ ನಾಳೆ ವೈದ್ಯನಾಗಿ, ರೋಗಿಯನ್ನು ಬಿಟ್ಟು ಜೊತೆಗೆ ಬಂದವರನ್ನು ಮಾತನಾಡಿಸಿದರೆ ತಪ್ಪು ಕಾಲೇಜಿನದು ಮಾತ್ರವಲ್ಲ. ಮಗುವನ್ನು ಪ್ರಸಾದದ ಪಂಕ್ತಿಯಲ್ಲಿ ಎಲ್ಲರೊಡನೆ ಕೂರಿಸಿರಿ. ಅದರ ಬೇಕುಬೇಡಗಳನ್ನು ಅದನ್ನೇ ಕೇಳಿರಿ. ವೈದ್ಯರಲ್ಲಿಗೆ ಕರೆದೊಯ್ದಾಗ ನೀವು ಉತ್ತರಿಸುವ ಮುನ್ನ ಅದಕ್ಕೆ ಉತ್ತರಿಸುವ ಎಡೆ ಕೊಡಿರಿ. ಹೊಸದಾಗಿ ವೈದ್ಯರಾಗುವವರು ಇದನ್ನು ನಿಮ್ಮಿಂದಲೂ ಕಲಿಯುವರು.

ರಿಚರ್ಡ್ಸ್ ಟೌನಿನ ಆ ಕುಮಾರಿಗೆ ನಾನು ಕೊಟ್ಟ ಸಲಹೆ ಒಂದೇ. ಲಿಂಗರಾಜಪುರ ನಿನ್ನ ಮನೆಗೆ ಹತ್ತಿರವೇ ಇದೆ; ಭಾನುವಾರಗಳಂದು ಅಲ್ಲಿಯವರನ್ನು ಕಂಡು ಸನ್ನೆಭಾಷೆಯ ನಾಲ್ಕು ಮಾತುಗಳನ್ನಾದರೂ ಕಲಿ, 'ಎಲ್ಲಿ ನೋವು?' ಎಂಬುದು ಅವುಗಳಲ್ಲಿ ಮೊದಲನೆಯದಾಗಿರಲಿ ಎಂದೆನು. ಈ ಅಂಕಣವನ್ನು ಓದುವ ಇತರ ವೈದ್ಯ ವಿದ್ಯಾರ್ಥಿಗಳಿಗೂ ಅದನ್ನೇ ಹೇಳಬಯಸುತ್ತೇನೆ.